ಜಯವ್ವನಿಗೆ ಬಾರದ ಕೀರ್ತನೆ

"ಬೈಬಲ್‌ನಾಗ ನೂರೈವತ್ತು ಕೀರ್ತನಿ ಅದಾವು. ನೂರೈವತ್ತೂ ನನ್ನ ನಾಲಿಗಿ ತುದಿಮ್ಯಾಲ ಕುಂತಾವು. ಏಳು ಅಂದ್ರ ಏಳತಾವು, ಮಲಗು ಅಂದ್ರ ಮಲಗತಾವು," ಎಂದಳು ಜಯವ್ವ, ಮೆಣಸಿನಕಾಯಿಯ ತೊಟ್ಟು ಮುರಿಯುತ್ತ.

ಎದುರಿಗೆ ಕೂತ ಸಕೀನಾಬಿ ತಲೆ ಎತ್ತಲಿಲ್ಲ. "ನೂರೈವತ್ತೂ ಬರತಾವಾ ಜಯಕ್ಕ?"

"ಅರ್ಧ ಸುಳ್ಳು. ಎಪ್ಪತ್ತೈದಂತೂ ಖರೇ. ಅಷ್ಟೂ ಸುಳ್ಳು ಹೇಳದಿದ್ರ ಈ ಘಾಟಿನಾಗ ಹೊತ್ತು ಹೆಂಗ ಹೋಗಬೇಕು?"

ಬ್ಯಾಡಗಿಯಲ್ಲಿ ಗಾಳಿಯೂ ಸೀನುತ್ತದೆ ಎನ್ನುವುದು ಜಯವ್ವನ ಮಾತು. ಗೋದಾಮಿನ ಆ ಅಂಗಳದಲ್ಲಿ ಮೂವತ್ತು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು, ಕೆಂಪು ಗುಡ್ಡೆಗಳ ನಡುವೆ ಕೂತು ತೊಟ್ಟು ಬಿಡಿಸುತ್ತಿದ್ದರು. ಅವಳು ಹೇಳುವಾಗ ಮೂವತ್ತು ಮುನ್ನೂರಾಗುತ್ತಿತ್ತು, ಗುಡ್ಡೆ ಹಿಮಾಲಯವಾಗುತ್ತಿತ್ತು. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಕಂಡರೆ ಇರುವೆಯ ಸಾಲು ಕಂಡಂತೆ ಒರೆಸಿಹಾಕಬೇಕು ಅನಿಸುತ್ತಿತ್ತು. ಕೀರ್ತನೆಗಳನ್ನು ಅವಳಿಗೆ ಬಾಯಿಂದ ಬಾಯಿಗೆ ಕಲಿಸಿದ್ದು ಅವಳ ಅತ್ತೆ, ಇದೇ ಅಂಗಳದಲ್ಲಿ. ಅತ್ತೆಯ ಹತ್ತಿರ ಗಡಿಯಾರ ಇರಲಿಲ್ಲ. ಕೆಲಸವನ್ನು ಕೀರ್ತನೆಯಿಂದಲೇ ಅಳೆಯುತ್ತಿದ್ದಳು. ದೇವರು ನನ್ನ ಕುರುಬ ಎನ್ನುವ ಕೀರ್ತನೆ ಮುಗಿಯುವುದರೊಳಗೆ ಒಂದು ಬೊಗಸೆ. ಎಲ್ಲಕ್ಕಿಂತ ಉದ್ದದ ನೂರಹತ್ತೊಂಬತ್ತನೆಯದು ಮುಗಿಯುವುದರೊಳಗೆ ಒಂದು ಬುಟ್ಟಿ. ನಡುವೆ ನಿಲ್ಲಿಸಿದರೆ ತಲೆಗೊಂದು ಮೊಟಕು. ಹಾಗೆ ಬಿದ್ದ ಮೊಟಕುಗಳಿಂದಲೇ ತನ್ನ ತಲೆ ಹೀಗೆ ಚಪ್ಪಟೆಯಾಗಿದೆ ಎಂದು ಜಯವ್ವ ಕಂಡಕಂಡವರಿಗೆಲ್ಲ ಮುಟ್ಟಿಸಿ ತೋರಿಸುತ್ತಿದ್ದಳು. ಅತ್ತೆಯೂ ಹೋಗಿದ್ದಳು, ಗಂಡನೂ ಹೋಗಿ ಹದಿನೆಂಟು ವರ್ಷವಾಗಿತ್ತು. ಬಾಯಿ ಮಾತ್ರ ಉಳಿದಿತ್ತು.

ಅದೇ ಅಂಗಳದ ಮೂಲೆಯಲ್ಲಿ ಅವಳ ಸೊಸೆ ಕಾವೇರಿ ಕೂತಿದ್ದಳು. ಕೈ ಓಡುತ್ತಿತ್ತು, ಬಾಯಿ ನಿಂತಿತ್ತು.

ನಾಲ್ಕು ತಿಂಗಳ ಹಿಂದೆ ಹಾವೇರಿಯ ಆಸ್ಪತ್ರೆಯಲ್ಲಿ ಕಾವೇರಿಗೆ ಹೆಣ್ಣು ಕೂಸು ಹುಟ್ಟಿತು. ಉಸಿರಿಲ್ಲದೆ ಹುಟ್ಟಿತು. ಇಂಥ ಕೂಸಿಗೆ ಹೆಸರಿಡುವುದಿಲ್ಲ, ತಾಯಿಗೆ ತೋರಿಸುವುದಿಲ್ಲ. ಗಂಡಸರು ಒಯ್ದು ಮಣ್ಣು ಮಾಡಿ, ಕೈ ತೊಳೆದುಕೊಂಡು ಬರುತ್ತಾರೆ. ಜಾಗ ಎಲ್ಲಿ ಎಂದು ತಾಯಿಗೆ ಹೇಳುವುದಿಲ್ಲ. ಹೇಳಿದರೆ ಅವಳು ಅಲ್ಲೇ ಹೋಗಿ ಕೂರುತ್ತಾಳೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎಂದು ಹಿರಿಯರ ಮಾತು. ಇದು ಬೈಬಲಿನಲ್ಲಿಲ್ಲ, ಆದರೆ ಬೈಬಲ್ ಇರುವ ಮನೆಯಲ್ಲೂ ಇತ್ತು, ಇಲ್ಲದ ಮನೆಯಲ್ಲೂ ಇತ್ತು. ಮನೆಗೆ ಬಂದ ದಿನ ಕಾವೇರಿ ಒಂದೇ ಒಂದು ಸಲ ಕೇಳಿದ್ದಳು, "ಎಲ್ಲಿ ಇಟ್ಟೀರಿ?" ಎಂದು. ಗಂಡ ದಾನಪ್ಪ ಮುಖ ತಿರುಗಿಸಿ ತನ್ನ ಟೆಂಪೋ ಒರೆಸಲು ಹೋದ. ಜಯವ್ವ, "ಅದನ್ನ ಕೇಳಬ್ಯಾಡ ನನ್ನವ್ವ. ದೇವರ ಹತ್ರ ಐತಿ. ಸ್ತೋತ್ರ ಅನ್ನು," ಎಂದಿದ್ದಳು.

ಅವತ್ತಿನಿಂದ ಆ ಹುಡುಗಿಯ ಬಾಯಲ್ಲಿ ಎರಡೇ ಮಾತು: ಹೂಂ, ಉಹೂಂ. ಅಳಲಿಲ್ಲ. ರೊಟ್ಟಿ ಅರ್ಧ ಮುರಿದು ಏಳುತ್ತಿದ್ದಳು. ಮೈ ಒಣಗಿದ ಕಾಯಿಯಂತಾಗಿತ್ತು. ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಸದ್ದು ಮಾಡಬೇಕು, ಹಾಗೆ. ಇದು ಹೀಗೇ ನಡೆದರೆ ಸೊಸೆಯೂ ಕೂಸಿನ ಹಿಂದೆ ಹೊರಟುಬಿಡುತ್ತಾಳೆ ಎಂದು ಜಯವ್ವನಿಗೆ ಭಯ ಹತ್ತಿತ್ತು. ಎಲ್ಲವನ್ನೂ ಹತ್ತು ಪಟ್ಟು ಮಾಡಿ ಹೇಳುವ ಅವಳು ಈ ಒಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಬುಧವಾರ ಸಂಜೆ ರಾಣೆಬೆನ್ನೂರಿನಿಂದ ಶಶಿಕಾಂತ ಬ್ರದರ್ ಬಂದ. ಎದುರಿಗೆ ರೀ ಹಚ್ಚಿ ಮಾತಾಡಿಸಿದರೂ ಬೆನ್ನ ಹಿಂದೆ ಜಯವ್ವನಿಗೆ ಅವನು ಅವನೇ. ಅಲ್ಲಿ ಅವನದು ಬೀಜದ ಅಂಗಡಿ. ಅಂಗಡಿಯ ಮೇಲಿನ ಹಾಲ್‌ನಲ್ಲಿ ಭಾನುವಾರ ಪ್ರಾರ್ಥನೆ ನಡೆಸುತ್ತಿದ್ದ; ಜಯವ್ವನ ಮನೆಯವರು ಹೋಗುತ್ತಿದ್ದುದು ಅಲ್ಲಿಗೇ. ಅವನ ಬಿಳಿ ಅಂಗಿ ಕಂಡು ಹಾಲು ನಾಚಿಕೊಂಡು ಒಡೆಯಬೇಕು. ಹುಟ್ಟಿ ಬೆಳೆದದ್ದು ರಾಣೆಬೆನ್ನೂರಿನಲ್ಲೇ ಆದರೂ ದೇವರ ವಿಷಯ ಬಂದರೆ ಅವನು ಅಚ್ಚು ಹಾಕಿದಂತೆ ಮಾತಾಡುತ್ತಿದ್ದ.

"ಸಹೋದರಿ, ದುಃಖ ಎಂಬುದು ಅಪನಂಬಿಕೆಯ ಬಾಗಿಲು. ಆ ಬಾಗಿಲನ್ನು ಮುಚ್ಚಿಬಿಡಿ," ಎಂದ ಕಾವೇರಿಗೆ.

"ಮುಚ್ಚಿದ್ರ ಗಾಳಿ ಎಲ್ಲಿಂದ ಬರಬೇಕ್ರೀ ಬ್ರದರ? ಇರೂದ ಒಂದ ಬಾಗಿಲ," ಎಂದಳು ಜಯವ್ವ.

ಅವನು ನಕ್ಕ. ಆ ನಗುವೂ ಇಸ್ತ್ರಿ ಮಾಡಿದ್ದೇ. ಜೇಬಿನಿಂದ ಮಿರಮಿರ ಮಿಂಚುವ ಒಂದು ಕಾರ್ಡು ತೆಗೆದು ಕಾವೇರಿಯ ಕೈಯಲ್ಲಿಟ್ಟ. ಮೇಲೆ ತಟ್ಟೆಯಷ್ಟು ದೊಡ್ಡ ಸೂರ್ಯಕಾಂತಿ ಹೂ. ಕೆಳಗೆ ಕೀರ್ತನೆಗಳಿಂದ ಆರಿಸಿದ ಧೈರ್ಯದ ಮಾತುಗಳು: ಹೆದರಿಕೆಗೆ ಇದು, ಕಾಯಿಲೆಗೆ ಇದು, ದುಃಖಕ್ಕೆ ಇದು.

"ಓದಿ ಹೇಳ್ರಿ, ನಂಗ ಅಕ್ಷರ ಬರಂಗಿಲ್ಲ. ದುಃಖಕ್ಕ ಯಾವ ಗುಳಗಿ ಕೊಟ್ಟೀರಿ?"

"ಮೂವತ್ತನೆಯ ಕೀರ್ತನೆ ಅಮ್ಮಾ. ಮುಂಜಾನೆ ಹರ್ಷ ಬರುವುದು!"

"ಅದರ ಹಿಂದಿನ ಮಾತು?"

"ಯಾವ ಮಾತು?"

"ಸಂಜಿಗೆ ಅಳು ಬಂದು ವಸ್ತಿ ಮಾಡ್ತೈತಿ ಅಂತ ಐತಲ್ರೀ. ಎರಡೂ ಕೂಡಿ ಒಂದ ಮಾತು ಅದು. ಅರ್ಧಕ್ಕ ಕೊಯ್ದೀರಲ್ಲ."

"ಕಾರ್ಡಿನಲ್ಲಿ ಜಾಗ ಸಾಲಲಿಲ್ಲ ಅಮ್ಮಾ."

"ಸೂರ್ಯಕಾಂತಿಗೆ ಸಾಲೇತಿ."

ಬ್ರದರ್ ಕೆಮ್ಮಿದ. ಬ್ಯಾಡಗಿಯಲ್ಲಿ ಕೆಮ್ಮಿಗೆ ಯಾರೂ ಕಾರಣ ಕೇಳುವುದಿಲ್ಲ. ಅದು ಅವನ ಪುಣ್ಯ. ಆಮೇಲೆ ಬಂದ ಕೆಲಸ ಹೇಳಿದ: ಈ ಭಾನುವಾರ ಕಾವೇರಿ ಸಾಕ್ಷಿ ಹೇಳಬೇಕು. ಅಂದರೆ ಸಭೆಯೆದುರು ನಿಂತು, ದೇವರು ನನಗೆ ಸಮಾಧಾನ ಕೊಟ್ಟ, ನನ್ನ ದುಃಖವೆಲ್ಲ ಹೋಯಿತು, ಹಾಲೆಲೂಯ ಎನ್ನಬೇಕು.

"ಆಕಿಗಿನ್ನೂ ಸಮಾಧಾನ ಸಿಕ್ಕಿಲ್ಲಲ್ರೀ."

"ನಂಬಿಕೆಯಿಂದ ಮೊದಲು ಹೇಳಬೇಕು. ಸಿಗುವುದು ಆಮೇಲೆ."

"ಅಂದ್ರ ಬಿತ್ತೂಕಿಂತ ಮೊದಲ ಸುಗ್ಗಿ! ಬೀಜದ ಅಂಗಡಿ ಇಟ್ಟು ಹಿಂಗ ಹೇಳ್ತೀರಲ್ಲ, ರೈತರು ನಿಮ್ಮನ್ನ ಇನ್ನೂ ಹೊಡದಿಲ್ಲೇನ್ರೀ?"

ಬ್ರದರ್ ಅವಳನ್ನು ಬಿಟ್ಟು ಕಾವೇರಿಯ ಕಡೆ ತಿರುಗಿದ. "ಹೇಳುತ್ತೀರಲ್ಲ ಸಹೋದರಿ?"

"ಹೂಂ," ಎಂದಳು ಕಾವೇರಿ.

ಬಾವಿಗೆ ಹಾರುತ್ತೀಯಾ ಎಂದು ಕೇಳಿದ್ದರೂ ಆ ಹುಡುಗಿ ಅದೇ ದನಿಯಲ್ಲಿ ಹೂಂ ಎನ್ನುತ್ತಿದ್ದಳು.

ಮರುದಿನ ಅಂಗಳದಲ್ಲಿ ಜಯವ್ವ ಬ್ರದರ್‌ನ ತೊಟ್ಟು ಬಿಡಿಸಲು ಕೂತಳು. "ಅವನ ಮಾತು ನಮ್ಮ ಬ್ಯಾಡಗಿ ಕಾಯಿ ಇದ್ದಂಗ ಸಕೀನಾ. ಬಣ್ಣ ನೋಡಿದ್ರ ಕಣ್ಣು ಕುಕ್ಕಬೇಕು, ಬಾಯಾಗ ಹಾಕಿದ್ರ ಖಾರ ಇಲ್ಲ. ದೇವರ ಮಾತಿಗೆ ಕತ್ತರಿ ಹಾಕತಾನ, ಕತ್ತರಿ! ದರ್ಜಿ ಆಗಬೇಕಿತ್ತು ಅವ. ಅಳಬ್ಯಾಡ, ಸ್ತೋತ್ರ ಅನ್ನು ಅಂತಾನ, ಹಡದಾಕಿಗೆ!"

"ನೀನೂ ಹಂಗ ಅಂದಿದ್ದೆಲ್ಲ," ಎಂದಳು ಸಕೀನಾಬಿ.

ಜಯವ್ವನ ಕೈ ನಿಂತಿತು.

"ನೀನ ಹೇಳಿದ್ದು ನಂಗ. ಕೂಸು ಎಲ್ಲಿ ಅಂದ್ಲು, ನಾ ಸ್ತೋತ್ರ ಅನ್ನು ಅಂದೆ ಅಂತ. ಬೀಜದಾವ ಕಾರ್ಡ್ ಕೊಟ್ಟ, ನೀ ಬಾಯಿಲೆ ಕೊಟ್ಟಿ. ಫರಕ್ ಏನೈತಿ?"

"ನಾ ಏನ ಕಾರ್ಡಿನಾಕಿ? ನನ್ನ ಹೊಟ್ಟ್ಯಾಗ ಎಪ್ಪತ್ತೈದು ಕೀರ್ತನಿ ಅದಾವು!"

"ಅದರಾಗ ಅಳೂವು ಎಷ್ಟು?"

ಜಯವ್ವ ಬೆರಳು ಮಡಿಸಲು ಶುರುಮಾಡಿದಳು. ಕುರುಬನದು ಅಳುವುದಲ್ಲ. ಬೆಟ್ಟದ ಕಡೆ ಕಣ್ಣೆತ್ತುವುದು ಅಳುವುದಲ್ಲ. ಮೂವತ್ತನೆಯದರಲ್ಲಿ ಅಳು ಇತ್ತು, ಆದರೆ ಮುಂಜಾನೆಗೆ ಎದ್ದು ಹೋಗುತ್ತಿತ್ತು. ತಾಳ ಬಾರಿಸಿ ಹೊಗಳುವವು ನಾಲ್ಕಾರು ಇದ್ದವು. ಬಲಗೈ ಮುಗಿಯಿತು, ಎಡಗೈ ಮುಗಿಯಿತು. ಅಳುವುದು ಒಂದೂ ಸಿಗಲಿಲ್ಲ. ಆಗ ಅತ್ತೆಯ ಮಾತು ನೆನಪಾಯಿತು. ಕಲಿಯಲು ಕೂತ ಮೊದಲ ವರ್ಷ ಜಯವ್ವ ಕೇಳಿದ್ದಳು, ನಡುವೆ ಕೆಲವನ್ನು ಯಾಕೆ ದಾಟಿಸುತ್ತೀರಿ ಎಂದು. "ಅವು ಅಳೂ ಕೀರ್ತನಿ. ಅವನ್ನ ಹೇಳಾಕ ಹತ್ತಿದ್ರ ಕೈ ನಿಂತಾವು, ಬುಟ್ಟಿ ತುಂಬಂಗಿಲ್ಲ," ಎಂದಿದ್ದಳು ಅತ್ತೆ. ಬೀಜದವನು ಹೂವಿನ ಚಿತ್ರಕ್ಕಾಗಿ ಕೊಯ್ದಿದ್ದ, ಅತ್ತೆ ಬುಟ್ಟಿಗಾಗಿ ಕೊಯ್ದಿದ್ದಳು. ನಲವತ್ತೆರಡು ವರ್ಷ ಜಯವ್ವ ಅರ್ಧ ಪುಸ್ತಕ ಇಟ್ಟುಕೊಂಡು ಇಡೀ ಊರಿಗೆ ಜಂಬ ಕೊಚ್ಚಿದ್ದಳು.

"ಒಂದೂ ಇಲ್ಲ," ಎಂದಳು ಕೊನೆಗೆ. ಅವಳ ಆಯುಷ್ಯದಲ್ಲಿ ಯಾವುದೇ ಲೆಕ್ಕವನ್ನು ಇದ್ದಷ್ಟೇ ಹೇಳಿದ್ದು ಅದೇ ಮೊದಲು.

ಶನಿವಾರ ಮಧ್ಯಾಹ್ನಕ್ಕೇ ಕೆಲಸ ಬಿಟ್ಟಿತು. ಜಯವ್ವ ಟ್ರಂಕಿನ ತಳದಿಂದ ಅತ್ತೆಯ ದಪ್ಪ ಬೈಬಲ್ ತೆಗೆದು, ಧೂಳು ಜಾಡಿಸಿ ಕಾವೇರಿಯ ಮುಂದಿಟ್ಟಳು. "ನೀ ಹತ್ತನೇ ಇಯತ್ತೆ ಕಲ್ತಾಕಿ. ಒಂದರಿಂದ ಹಿಡದು ಒಂದೊಂದರ ಮೊದಲನೇ ಸಾಲು ಓದು. ನಂಗ ಬರೂವನ್ನ ಬಿಟ್ಟುಬಿಡು. ಬಾರದಿದ್ದದ್ದು ಸಿಕ್ಕರ ಪೂರ್ತಿ ಓದು."

"ಹೂಂ," ಎಂದು ಕಾವೇರಿ ಪುಸ್ತಕ ಬಿಚ್ಚಿದಳು.

ಓದಿದಳು, ಬಸ್ಸಿನ ಬೋರ್ಡು ಓದಿದಂತೆ. ಜಯವ್ವ ಬೆಳ್ಳುಳ್ಳಿ ಸುಲಿಯುತ್ತ, "ಬರ್ತೈತಿ, ಮುಂದಿಂದು... ಬರ್ತೈತಿ, ಮುಂದಿಂದು," ಎನ್ನುತ್ತ ಹೋದಳು. ಹದಿಮೂರನೆಯದಕ್ಕೆ ತಡೆದಳು. ದೇವರೇ, ಇನ್ನೂ ಎಷ್ಟು ದಿನ ನನ್ನ ಮರೆತಿರ್ತೀ ಅಂತ ಒಬ್ಬ ಜಗಳ ತೆಗೆದಿದ್ದ.

"ಅಬಬಬ! ದೇವರಿಗೇ ಹಿಂಗ ಅಂತಾನ?"

"ಹೂಂ."

"ಮತ್ತ ದೇವರು ಸಿಡಲ ಒಗದು ಸುಡಲಿಲ್ಲ?"

"ಉಹೂಂ."

ಮುಂದೆ ಇನ್ನೊಬ್ಬ ನನ್ನನ್ನು ಯಾಕೆ ಕೈಬಿಟ್ಟೆ ಎಂದು ದೇವರನ್ನೇ ಕೂಗಿ ಕೇಳಿದ್ದ. ಮತ್ತೊಬ್ಬನಿಗೆ ಕಣ್ಣೀರೇ ಊಟವಾಗಿತ್ತು. "ಇವರೆಲ್ಲಾ ನಮ್ಮ ಮನಿ ಮಂದಿನ ಅದಾರಲ್ಲ! ಇಷ್ಟು ದಿನ ಎಲ್ಲಿ ಅಡಗಿದ್ರು?" ಎಂದು ಜಯವ್ವ ಬೆಳ್ಳುಳ್ಳಿ ಬದಿಗಿಟ್ಟಳು. ಎಂಬತ್ತೆಂಟನೆಯದು ಬಂತು. ಅದೂ ಅವಳಿಗೆ ಬರುತ್ತಿರಲಿಲ್ಲ. ಹಗಲೂ ಇರುಳೂ ನಿನ್ನ ಮುಂದೆ ಕೂಗುತ್ತೇನೆ ಎಂದು ಶುರುವಾಯಿತು. ನನ್ನ ಜೀವ ಗೋರಿಯ ಬಾಯಿಗೆ ಬಂದಿದೆ, ನನ್ನವರನ್ನೆಲ್ಲ ನೀನೇ ದೂರ ಮಾಡಿದೆ ಎಂದು ಹೋಯಿತು. ಸತ್ತವರಿಗೂ ನಿನ್ನ ಪವಾಡ ತೋರಿಸುತ್ತೀಯಾ, ಮಣ್ಣೊಳಗೂ ನಿನ್ನ ಪ್ರೀತಿಯ ಮಾತು ಕೇಳುತ್ತದೆಯಾ ಎಂದು ಕೇಳುವಲ್ಲಿಗೆ ಬಂದಾಗ ಕಾವೇರಿಯ ದನಿ ಒಡೆಯಿತು. ನಿಲ್ಲಲಿಲ್ಲ. ಬೋರ್ಡು ಓದುವ ದನಿ ಹೋಗಿ, ಯಾರನ್ನೋ ನಿಲ್ಲಿಸಿಕೊಂಡು ಕೇಳುವ ದನಿ ಬಂದಿತ್ತು. ಕತ್ತಲೆಯೇ ನನಗೆ ಉಳಿದ ಗೆಳೆಯ ಎಂಬಲ್ಲಿಗೆ ಬಂದು ಸುಮ್ಮನಾದಳು.

"ಮುಂದ?" ಎಂದಳು ಜಯವ್ವ.

"ಇಲ್ಲ."

"ಹಾಳಿ ತಿರುವು."

"ತಿರುವೇನಿ ಅತ್ತಿ. ಎಂಬತ್ತೊಂಬತ್ತು ಚಾಲೂ ಆಗೈತಿ."

"ಮತ್ತ ಕಡೀಕ ಸ್ತೋತ್ರ? ಆದ್ರೂ ನಿನ್ನ ಹೊಗಳತೇನಿ ಅಂತ ಏನರ ಇರಬೇಕಲ್ಲ?"

"ಏನೂ ಇಲ್ಲ. ಕತ್ತಲಿ ಅಂತ ಐತಿ. ಅಲ್ಲಿಗೆ ಮುಗೀತು." ನಾಲ್ಕು ತಿಂಗಳಲ್ಲಿ ಕಾವೇರಿ ಇಷ್ಟು ಮಾತಾಡಿದ್ದು ಇದೇ ಮೊದಲು. ಅವಳು ಪುಟದ ಮೇಲೆ ಅಂಗೈ ಇಟ್ಟು ಮತ್ತೆ ಹೇಳಿದಳು, "ಇದನ್ನ ದೇವರ ಪುಸ್ತಕದಾಗ ಇಟ್ಟಾರಲ್ಲತ್ತಿ. ಯಾರೂ ಹರದು ಒಗದಿಲ್ಲ."

ಯಾರೂ ಹೇಳದೆ, ತಾನೇ ಮೊದಲಿನಿಂದ ಇನ್ನೊಮ್ಮೆ ಓದಿದಳು. ಜಯವ್ವ ಕೇಳುತ್ತ ಕೂತಳು. ದಾನಪ್ಪನಿಗಿಂತ ಮೊದಲು ಅವಳಿಗೂ ಒಬ್ಬ ಹುಟ್ಟಿದ್ದ, ಉಸಿರಿಲ್ಲದೆ. ಅವನನ್ನು ಎಲ್ಲಿಟ್ಟರು ಎಂದು ಅವಳಿಗೂ ಯಾರೂ ಹೇಳಿರಲಿಲ್ಲ. ಹೇಳಬೇಕಾದವರೆಲ್ಲ ಈಗ ತಾವೇ ಮಣ್ಣಾಗಿದ್ದರು. ಅವತ್ತು ಅತ್ತೆ ಕೊಟ್ಟದ್ದು ತೊಟ್ಟು ಬಿಡಿಸಿ ತುಂಬಲು ಒಂದು ಖಾಲಿ ಬುಟ್ಟಿ.

ಭಾನುವಾರ ಇಬ್ಬರೂ ಕದರಮಂಡಲಗಿಯ ಮೇಲೆ ಹೋಗುವ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಹೋದರು. ಹಾಲ್‌ನಲ್ಲಿ ನಲವತ್ತು ಜನ. ಕೆಳಗಿನ ಅಂಗಡಿಯಿಂದ ಬೆಳೆಗೆ ಹೊಡೆಯುವ ಔಷಧದ ವಾಸನೆ ಮೆಟ್ಟಿಲು ಹತ್ತಿ ಬಂದು ಎಲ್ಲರ ಜೊತೆ ಪ್ರಾರ್ಥನೆಗೆ ಕೂತಿತ್ತು. ಬ್ರದರ್‌ನ ಹೆಂಡತಿ ಭುವನಾ ಮುಂದೆ ಕೀಬೋರ್ಡು ಬಾರಿಸುತ್ತಿದ್ದಳು. ಗಂಡ ಆಮೆನ್ ಎಂದಾಗಲೆಲ್ಲ ಅವಳ ಮುಖದಲ್ಲಿ ನಗು ಹತ್ತುತ್ತಿತ್ತು, ಮುಗಿದೊಡನೆ ಆರುತ್ತಿತ್ತು. ಇವರ ಮನೆಯಲ್ಲಿ ನಗುವಿಗೂ ಬಟನ್ ಇದೆ ಎಂದುಕೊಂಡಳು ಜಯವ್ವ.

"ಈಗ ನಮ್ಮ ಸಹೋದರಿ ಕಾವೇರಿ ಸಮಾಧಾನದ ಸಾಕ್ಷಿ ಹೇಳುತ್ತಾರೆ!"

ಕಾವೇರಿ ದಪ್ಪ ಬೈಬಲ್ ಎತ್ತಿಕೊಂಡು ಎದ್ದಳು. ಸೂರ್ಯಕಾಂತಿಯ ಕಾರ್ಡನ್ನು ಎಂಬತ್ತೆಂಟನೆಯ ಕೀರ್ತನೆಯ ಗುರುತಿಗೆ ಇಟ್ಟಿದ್ದಳು. ಅದು ಉಪಯೋಗಕ್ಕೆ ಬಂದದ್ದು ಅಷ್ಟೇ. ಮೊದಲ ಸಾಲಿನಿಂದ ಕೊನೆಯ ಕತ್ತಲೆಯವರೆಗೆ, ಒಂದನ್ನೂ ದಾಟದೆ ಓದಿದಳು. ಜನ ಹಾಲೆಲೂಯಕ್ಕೆಂದು ಎತ್ತಿದ ಕೈಗಳನ್ನು ಎಲ್ಲಿಡಬೇಕು ತಿಳಿಯದೆ ಕಂಕುಳ ಕೆರೆದುಕೊಂಡರು.

"ಸಹೋದರಿ," ಎಂದ ಬ್ರದರ್, "ಈಗ ಒಂದು ಜಯದ ಮಾತು ಹೇಳಿ ಮುಗಿಸಿ."

"ಮುಗದೈತ್ರೀ. ಇದು ಇಲ್ಲಿಗೇ ಮುಗೀತೈತಿ," ಎಂದಳು ಕಾವೇರಿ. "ನಾನೂ ಇನ್ನೂ ಇಲ್ಲೇ ಅದೇನಿ. ಆದ್ರ ಇದನ್ನ ಬರದಾವ ಇಷ್ಟು ಸಿಟ್ಟು ಬಂದ್ರೂ ದೇವರ ಕೂಡ ಮಾತು ಬಿಟ್ಟಿಲ್ಲ. ನಾ ನಾಕು ತಿಂಗಳಾತು ಮಾತು ಬಿಟ್ಟು. ಇನ್ನ ಬಿಡಂಗಿಲ್ಲ. ಬೈದ್ರೂ ಅವನ್ನ ಬೈತೇನಿ, ಕೇಳಿದ್ರೂ ಅವನ್ನ ಕೇಳತೇನಿ. ಇದ ನನ್ನ ಸಾಕ್ಷಿ."

ಕೀಬೋರ್ಡಿನ ಮೇಲೆ ಭುವನಾಳ ಕೈ ಬಿದ್ದು ಅದು ಬೇಕಾಬಿಟ್ಟಿ ಕೂಗಿತು. "ಇನ್ನೊಮ್ಮೆ ಓದ ಕಾವೇರಿ," ಎಂದಳು ಆಕೆ. "ಆ ಮಣ್ಣಿನ ಮಾತು. ಅದೊಂದ ಓದ ನನ್ನವ್ವ."

"ಭುವನಾ," ಎಂದ ಬ್ರದರ್ ಮೆಲ್ಲಗೆ.

"ನೀವು ಸುಮ್ನ ಕುಂದ್ರಿ," ಎಂದಳು ಭುವನಾ.

ಅವನು ಕೂತ. ಕಾವೇರಿ ಆ ಸಾಲನ್ನು ಮತ್ತೆ ಓದಿದಳು. ಭುವನಾಳ ದುಃಖ ಯಾವುದು, ಎಷ್ಟು ವರ್ಷದ್ದು ಎಂದು ಯಾರೂ ಕೇಳಲಿಲ್ಲ. ಅವನಿಗೆ ಗೊತ್ತಿತ್ತು ಎಂದು ಅವನ ಮುಖವೇ ಹೇಳುತ್ತಿತ್ತು. ಬಸ್ಸಿನಲ್ಲಿ ಕೂತು ಜಯವ್ವ ಅವನಿಗಾಗಿ ಹನ್ನೆರಡು ಚುಚ್ಚುಮಾತು ಮಸೆದುಕೊಂಡು ಬಂದಿದ್ದಳು. ಒಂದನ್ನೂ ಆಡಲಿಲ್ಲ. ಹನ್ನೊಂದನ್ನು ನುಂಗಿ, ಒಂದನ್ನು ಮಾತ್ರ ಮುಂದಿನ ವಾರಕ್ಕೆ ಉಳಿಸಿಕೊಂಡಳು. ಅಷ್ಟೂ ಬಿಟ್ಟುಕೊಟ್ಟರೆ ಅವನು ಮತ್ತೆ ಕಾರ್ಡು ಅಚ್ಚು ಹಾಕಿಸುವ ಪೈಕಿ.

ಸೋಮವಾರ ಅಂಗಳದಲ್ಲಿ ಇದನ್ನೆಲ್ಲ ಸಕೀನಾಬಿಗೆ ಹೇಳುವಾಗ ನಲವತ್ತು ಜನ ನಾಲ್ಕು ಸಾವಿರವಾದರು, ಹಾಲ್‌ನ ಹಂಚು ಹಾರಿಹೋಯಿತು, ಬ್ರದರ್ ಮೂರು ಸಲ ಮೂರ್ಛೆ ಹೋದ.

"ಹಾಲ್‌ಗೆ ಹಂಚು ಎಲ್ಲೈತಿ ಜಯಕ್ಕ? ಸ್ಲ್ಯಾಬ್ ಅಂದಿದ್ದೆಲ್ಲ ನೀ?"

"ಸ್ಲ್ಯಾಬೂ ಹಾರ್ತು. ನಡುವ ಬಾಯಿ ಹಾಕಬ್ಯಾಡ."

"ಆಮ್ಯಾಲ? ಹುಡುಗಿ ಅತ್ಲಾ?"

"ಬಸ್‌ಸ್ಟ್ಯಾಂಡಿನಾಗ." ಜಯವ್ವನ ದನಿ ತಗ್ಗಿತು. ಇಲ್ಲಿಂದ ಮುಂದೆ ಅವಳು ಒಂದು ಕಾಳಷ್ಟೂ ಸೇರಿಸಲಿಲ್ಲ. "ಕಲ್ಲಿನಮ್ಯಾಲ ಕುಂತು ಅತ್ಲು. ಮಂದಿ ನೋಡಾಕತ್ತಿದ್ರು. ನಾ ಅಡ್ಡ ನಿಂದ್ರಲಿಲ್ಲ, ಸ್ತೋತ್ರ ಅನ್ನು ಅನ್ನಲಿಲ್ಲ. ಅತ್ತು ಮುಗಿಸಿ ಮಾರಿ ಒರಸ್ಕೊಂಡ್ಲು, ನನ್ನ ಕಣ್ಣಾಗ ಕಣ್ಣಿಟ್ಟು ಮತ್ತ ಅದನ್ನ ಕೇಳಿದ್ಲು ನೋಡು. ಅತ್ತಿ, ಎಲ್ಲಿ ಇಟ್ಟೀರಿ ಅಂತ."

"ಯಾ ಅಲ್ಲಾ. ನಿಂಗ ಗೊತ್ತಿತ್ತಾ?"

"ಹಾವೇರಿಯೊಳಗ ಸ್ಮಶಾನದ ಗೇಟಿನ ತನಕ ಕೂಸಿನ್ನ ಎತಗೊಂಡು ಹೋದಾಕಿ ನಾನ ಅಲ್ಲನ? ಗಂಡಸರು ಒಳಗ ಹೋದ್ರು, ನಾ ಕಂಪೌಂಡಿನ ಮ್ಯಾಲಿಂದ ನೋಡೇನಿ. ಬೇವಿನ ಗಿಡದಿಂದ ನಾಕ ಹೆಜ್ಜಿ."

ಸಕೀನಾಬಿಯ ಕೈಯಲ್ಲಿ ಕಾಯಿ ಹಾಗೇ ಉಳಿಯಿತು. "ಹೇಳಿದೇನ ಮತ್ತ?"

"ಎದುರಿಗೆ ಎರಡು ಬಸ್ ನಿಂತಿದ್ವು ಸಕೀನಾ. ಒಂದು ನಮ್ಮ ಬ್ಯಾಡಗೀದು. ಸೀಟೆಲ್ಲ ಖಾಲಿ, ಕಂಡಕ್ಟರ್ ಬರ್ರಿ ಬರ್ರಿ ಅನ್ನಾಕತ್ತಿದ್ದ. ಇನ್ನೊಂದು ಹಾವೇರೀದು. ಕಾಲಿಡಾಕ ಜಾಗ ಇಲ್ಲ, ಬಾಗಲದಾಗ ಜೋತುಬಿದ್ದಿದ್ರು. ನಾ ಸೊಸಿ ಕೈ ಹಿಡಕೊಂಡೆ. ಈಗ ನೀನ ಹೇಳು ನೋಡೂಣು, ಯಾವ ಬಸ್ ಹತ್ತಿದಿವಿ?"